ಉಡಿದಾರ ಬಿಗಿಯಾದಾಗ: ಮಕ್ಕಳ ಯಕೃತ್ತಿನ ಗಡ್ಡೆ ಮತ್ತು ಚಿತ್ರಣ ಪರೀಕ್ಷೆ

ಎಳೆಯ ಮಗುವಿನ ಒಡಲು ಅದಕ್ಕೆ ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿಯ ಕೈಗೆ ತಿಳಿದಷ್ಟು ಯಾವ ವೈದ್ಯನ ಕೈಗೂ ತಿಳಿಯದು. ಈ ಮಾತನ್ನು ನಾವು ಉಪಚಾರಕ್ಕಾಗಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯೊಂದರಿಂದ ವೃದ್ಧೆಯೊಬ್ಬರು ತಮ್ಮ ಮೊಮ್ಮಗಳನ್ನು ಎತ್ತಿಕೊಂಡು ಪಾಂಡವಪುರದ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಮಗುವಿಗೆ ಒಂದೂವರೆ ವರ್ಷ. ಜ್ವರವಿಲ್ಲ, ವಾಂತಿಯಿಲ್ಲ, ಕಣ್ಣು ಹಳದಿಯಾಗಿಲ್ಲ. ಊಟ ಸ್ವಲ್ಪ ಕಡಿಮೆಯಾಗಿತ್ತು, ಅಷ್ಟೆ. ಆದರೆ ಆ ತಾಯಿ ಹೇಳಿದ ಮಾತು ಹೀಗಿತ್ತು: “ಕೈಕಾಲು ಸಣ್ಣಾಯ್ತಾ ಅವೆ ಸ್ವಾಮಿ, ಉಡಿದಾರ ಮಾತ್ರ ಬಿಗಿಯಾಯ್ತಾ ಅದೆ. ತಿಂಗಳಲ್ಲಿ ಎರಡು ಸಲ ಸಡಿಲ ಮಾಡಿದೀನಿ.”

ಮಗುವನ್ನು ಮಲಗಿಸಿ, ಅಂಗೈಯನ್ನು ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟೆವು. ಬಲಪಕ್ಕೆಯ ಕೆಳಗೆ ನಾಲ್ಕು ಬೆರಳಗಲ ಕೆಳಕ್ಕೆ ಇಳಿದಿದ್ದ, ಗಟ್ಟಿಯಾದ, ಒತ್ತಿದರೂ ಮಗು ಅಳದಂತಹ ಒಂದು ಉಬ್ಬು ಕೈಗೆ ಸಿಕ್ಕಿತು. ಉಸಿರಾಟದೊಡನೆ ಅದು ಮೇಲೆ ಕೆಳಗೆ ಸರಿಯುತ್ತಿತ್ತು. ನಾವು ಅಂದು ಯಾವ ಔಷಧವನ್ನೂ ಕೊಡಲಿಲ್ಲ. ಒಂದು ಚೀಟಿ ಬರೆದು, ಮರುದಿನ ಬೆಳಗ್ಗೆಯೇ ಮೈಸೂರಿಗೆ ಹೋಗಿ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ, ಅಲ್ಲಿಂದಲೇ ಮಕ್ಕಳ ತಜ್ಞರನ್ನು ಕಾಣಬೇಕೆಂದು ಹೇಳಿದೆವು. ಅಜ್ಜಿಗೆ ಅಸಮಾಧಾನವಾಯಿತು. ಇಷ್ಟು ದೂರ ಬಂದವರಿಗೆ ಒಂದು ಕಷಾಯವನ್ನಾದರೂ ಕೊಡಬಾರದೇ ಎಂದರು. ಕೊಡದಿರುವುದಕ್ಕೆ ನಮಗೆ ಕಾರಣವಿತ್ತು. ಆ ಕಾರಣವನ್ನು ಸದ್ಭಕ್ತರ ಮುಂದಿಡುವುದೇ ಈ ತಿಂಗಳ ಲೇಖನದ ಉದ್ದೇಶ.

ಮೊದಲು ನಮ್ಮ ಸೀಮೆಯ ಒಂದು ಹಳೆಯ ನೆನಪನ್ನು ಹೇಳಬೇಕು. ನಲವತ್ತು ಐವತ್ತು ವರ್ಷಗಳ ಹಿಂದೆ ‘ಮಗುವಿಗೆ ಲಿವರ್ ಆಗಿದೆ’ ಎಂಬ ಮಾತು ಮನೆಮನೆಯಲ್ಲಿ ಭಯ ಹುಟ್ಟಿಸುತ್ತಿತ್ತು. ಆರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳ ಯಕೃತ್ತು ಊದಿ, ಕಲ್ಲಿನಂತಾಗಿ, ಹೊಟ್ಟೆ ಉಬ್ಬಿ, ಕೊನೆಗೆ ಕಾಮಾಲೆ ಬಂದು ಮಗು ತೀರಿಕೊಳ್ಳುತ್ತಿತ್ತು. ಪಾಶ್ಚಾತ್ಯ ವೈದ್ಯರು ಇದನ್ನು ಭಾರತೀಯ ಬಾಲ ಸಿರೋಸಿಸ್ ಎಂದು ಕರೆದರು. ಪುಣೆಯ ಮಕ್ಕಳ ವೈದ್ಯರು ಇಂಗ್ಲೆಂಡಿನ ವೈದ್ಯರೊಡನೆ ಸೇರಿ ನಡೆಸಿ, 1983ರಲ್ಲಿ ಪ್ರಕಟಿಸಿದ ಅಧ್ಯಯನವು ಹಿತ್ತಾಳೆ ತಾಮ್ರದ ಪಾತ್ರೆಗಳಲ್ಲಿ ಕಾಸಿ ಇಟ್ಟ ಹಾಲಿನ ಕಡೆಗೆ ಬೆರಳು ತೋರಿತು. ತಾಮ್ರದ ಅಂಶ ಹಾಲಿಗಿಳಿದು, ಎಳೆಯ ಯಕೃತ್ತಿನಲ್ಲಿ ಶೇಖರವಾಗುತ್ತಿತ್ತು. ಸ್ಟೀಲ್ ಪಾತ್ರೆಗಳು ಬಂದವು, ಎದೆಹಾಲಿನ ಮಹತ್ವ ತಿಳಿಯಿತು. 1990ರ ದಶಕದ ವೇಳೆಗೆ ಆ ವ್ಯಾಧಿ ಹೆಚ್ಚುಕಡಿಮೆ ಕಣ್ಮರೆಯಾಯಿತು.

ವ್ಯಾಧಿಯೇನೋ ಹೋಯಿತು, ಆದರೆ ಅದರ ಸುತ್ತ ಬೆಳೆದಿದ್ದ ರೂಢಿಗಳು ಉಳಿದವು. ಮಗುವಿನ ಹೊಟ್ಟೆ ಬಲಕ್ಕೆ ಉಬ್ಬಿತೆಂದರೆ ‘ಲಿವರಿಗೆ’ ನಾಟಿ ಮದ್ದು ಹಾಕಿಸುವುದು, ಹೊಟ್ಟೆಯ ಮೇಲೆ ಬರೆ ಎಳೆಸುವುದು, ಇಂಥ ಊರಿನ ಇಂಥವರು ಮೂರು ವಾರ ಬೇರು ಅರೆದು ಕೊಡುತ್ತಾರೆಂದು ಅಲ್ಲಿಗೆ ಅಲೆಯುವುದು ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಇಂದಿಗೂ ಅಲ್ಲಲ್ಲಿ ನಡೆದೇ ಇದೆ. ಬರೆಯ ಗುರುತುಗಳನ್ನು ಹೊತ್ತ ಹಸುಗೂಸುಗಳನ್ನು ನಾವು ಕಂಡಿದ್ದೇವೆ. ಸುಟ್ಟ ಗಾಯದಲ್ಲಿ ಕೀವಾಗಿ ಅದಕ್ಕೇ ಮೊದಲು ಚಿಕಿತ್ಸೆ ಮಾಡಬೇಕಾಗಿ ಬಂದದ್ದೂ ಉಂಟು. ಬೇರೆಯವರನ್ನು ದೂರುವ ಮುನ್ನ ನಮ್ಮ ತಪ್ಪನ್ನೇ ಹೇಳಿಕೊಳ್ಳುವುದು ನ್ಯಾಯ.

1990ರ ದಶಕದ ಆರಂಭದ ಮಾತು. ನಾವು ಬಿ.ಎ.ಎಂ.ಎಸ್. ಮುಗಿಸಿ ವೃತ್ತಿಗಿಳಿದು ಹೆಚ್ಚು ವರ್ಷಗಳಾಗಿರಲಿಲ್ಲ. ನಾಗಮಂಗಲದ ಕಡೆಯ ಹದಿನಾಲ್ಕು ತಿಂಗಳ ಗಂಡುಮಗುವನ್ನು ಕರೆತಂದಿದ್ದರು. ಬಲಪಕ್ಕೆಯ ಕೆಳಗೆ ಗಟ್ಟಿ ಉಬ್ಬು. ನಾವು ಅದನ್ನು ಯಕೃದ್ದಾಲ್ಯುದರವೆಂದು ನಿಶ್ಚಯಿಸಿ, ಗ್ರಂಥದಲ್ಲಿ ಹೇಳಿದ ಕ್ರಮದಂತೆಯೇ ಐದು ವಾರ ಔಷಧ ಕೊಟ್ಟೆವು. ಮೊದಲೆರಡು ವಾರ ಮಗು ಚೆನ್ನಾಗಿ ಉಂಡಿತು, ನಮಗೂ ಹೆಮ್ಮೆಯಾಯಿತು. ಐದನೆಯ ವಾರ ಉಸಿರು ಕಟ್ಟತೊಡಗಿತು. ಆಗ ಮೈಸೂರಿಗೆ ಕಳುಹಿಸಿದೆವು. ಸ್ಕ್ಯಾನಿನಲ್ಲಿ ಯಕೃತ್ತಿನ ಬಹುಭಾಗವನ್ನು ಆವರಿಸಿದ ಗಡ್ಡೆ, ಎಕ್ಸ್‌ರೇಯಲ್ಲಿ ಶ್ವಾಸಕೋಶಗಳಿಗೆ ಹಬ್ಬಿದ ಗುರುತುಗಳು ಕಂಡವು. ಮಗು ಉಳಿಯಲಿಲ್ಲ. ಐದು ವಾರ ಮೊದಲೇ ಕಳುಹಿಸಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಹೇಳಲಾರೆವು. ಆದರೆ ಆ ಐದು ವಾರಗಳು ನಮ್ಮ ಕೈಯಿಂದ ಹೋದವು ಎಂಬುದು ಸತ್ಯ. ಆ ತಂದೆ ಮರುವರ್ಷ ಜಾತ್ರೆಯಲ್ಲಿ ಎದುರಾಗಿ ನಮಗೆ ಕೈಮುಗಿದರು. ಆ ನಮಸ್ಕಾರವನ್ನು ನಾವು ಇಂದಿಗೂ ಮರೆತಿಲ್ಲ.

ಶಾಸ್ತ್ರ ತಪ್ಪು ಹೇಳಿತೇ? ಇಲ್ಲ. ಚರಕಸಂಹಿತೆಯ ಉದರಚಿಕಿತ್ಸಾ ಅಧ್ಯಾಯವು ಎಂಟು ಬಗೆಯ ಉದರರೋಗಗಳನ್ನು ಹೇಳುತ್ತದೆ. ಎಡಪಕ್ಕೆಯ ಪ್ಲೀಹವು ಬೆಳೆದು ಆಮೆಯ ಬೆನ್ನಿನಂತೆ ಕೈಗೆ ಸಿಗುವುದನ್ನು ವರ್ಣಿಸಿ, ಬಲಪಕ್ಕೆಯ ಯಕೃತ್ತಿನ ಬೆಳವಣಿಗೆಯನ್ನೂ ಅದರೊಡನೆಯೇ ಸೇರಿಸುತ್ತದೆ. ಕೈಯಿಂದ ಮುಟ್ಟಿ ತಿಳಿಯುವುದರಲ್ಲಿ ಆ ಆಚಾರ್ಯರಿಗೆ ಎಣೆಯಿಲ್ಲ. ಕಾಶ್ಯಪಸಂಹಿತೆಯಂತೂ ಮಾತು ಬಾರದ ಮಗುವಿನ ನೋವನ್ನು ಅದರ ಚೇಷ್ಟೆಗಳಿಂದಲೇ ತಿಳಿಯುವ ಬಗೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಆದರೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಪರೀಕ್ಷೆಗಳು ಚರ್ಮದ ಹೊರಗಿನಿಂದ ನಡೆಯುವಂಥವು. ಉಬ್ಬಿದ್ದು ಯಕೃತ್ತೇ ಅಥವಾ ಅದರ ಹಿಂದಿನ ಮೂತ್ರಪಿಂಡವೇ, ಒಳಗೆ ತುಂಬಿದ್ದು ನೀರೇ, ಕೀವೇ, ರಕ್ತವೇ, ಮಾಂಸವೇ ಎಂಬುದನ್ನು ಬೆರಳು ಖಚಿತವಾಗಿ ಹೇಳಲಾರದು. ನಾವು ದರ್ಶನವೆಂದು ಕರೆದದ್ದನ್ನು ಒಳಗಿನವರೆಗೆ ಒಯ್ಯುವ ಸಾಧನವೇ ಚಿತ್ರಣ ಯಂತ್ರ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಿದ್ದರು. ವೈದ್ಯವೃತ್ತಿಯೇ ಅವರ ಕಾಯಕ. ಅವರ ಕೈಗೆ ಇಂತಹ ಯಂತ್ರ ಸಿಕ್ಕಿದ್ದರೆ ಬೇಡವೆನ್ನುತ್ತಿದ್ದರೆಂದು ನಮಗೆ ತೋರುವುದಿಲ್ಲ.

ಇಲ್ಲಿ ಓದುಗರು ಗಾಬರಿಯಾಗದಿರಲೆಂದು ಒಂದು ಮಾತು. ಮಕ್ಕಳಲ್ಲಿ ಕ್ಯಾನ್ಸರೇ ವಿರಳ. ಅದರಲ್ಲಿಯೂ ಯಕೃತ್ತಿನಲ್ಲಿ ಹುಟ್ಟುವವು ನೂರಕ್ಕೆ ಒಂದರ ಆಸುಪಾಸಿನಲ್ಲಿವೆ. ನಮ್ಮ ಬಳಿ ಬರುವ ಉಬ್ಬಿದ ಹೊಟ್ಟೆಗಳಲ್ಲಿ ಹೆಚ್ಚಿನವು ಮಲಬದ್ಧತೆ, ಜಂತು, ವಾಯು, ಅಪೌಷ್ಟಿಕತೆಗಳಿಂದ ಆದವು. ಇವುಗಳಲ್ಲಿ ಹೊಟ್ಟೆ ಒಂದು ದಿನ ಉಬ್ಬಿ ಮರುದಿನ ಇಳಿಯುತ್ತದೆ, ಒತ್ತಿದರೆ ಮೆತ್ತಗಿರುತ್ತದೆ. ಗಡ್ಡೆ ಹಾಗಲ್ಲ. ಅದು ಇದ್ದಲ್ಲಿಯೇ ಇದ್ದು ಬೆಳೆಯುತ್ತದೆ. ಬಹುಪಾಲು ನೋವಿಲ್ಲದೆ ಬೆಳೆಯುತ್ತದೆ. ಕಾಮಾಲೆ ಸಾಮಾನ್ಯವಾಗಿ ಇರುವುದಿಲ್ಲ. ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿದರೂ ಅನೇಕ ವೇಳೆ ಎಲ್ಲವೂ ಸರಿಯಾಗಿಯೇ ಬರುತ್ತದೆ. ಏಕೆಂದರೆ ಉಳಿದ ಆರೋಗ್ಯವಂತ ಭಾಗವು ಎಲ್ಲ ಕೆಲಸವನ್ನೂ ಹೊತ್ತು ನಡೆಸುತ್ತಿರುತ್ತದೆ. ‘ರಕ್ತ ಪರೀಕ್ಷೆ ಮಾಡಿಸಿದೆವು, ಲಿವರ್ ಚೆನ್ನಾಗಿದೆ ಎಂದರು’ ಎಂದು ತಾಯಂದಿರು ನೆಮ್ಮದಿಯಿಂದಿರುವುದನ್ನು ಕಂಡಾಗ ನಾವು ಮತ್ತೊಮ್ಮೆ ಹೊಟ್ಟೆ ಮುಟ್ಟಿ ನೋಡುತ್ತೇವೆ. ಕೈಗೆ ಗಟ್ಟಿ ಉಬ್ಬು ಸಿಕ್ಕರೆ ಆ ರಕ್ತಪರೀಕ್ಷೆಯ ಕಾಗದಕ್ಕೆ ಬೆಲೆ ಕೊಡಬಾರದು.

ಹೀಗೆ ಉಬ್ಬು ಸಿಕ್ಕ ಮಗುವಿಗೆ ಮೊದಲು ಮಾಡಬೇಕಾದದ್ದು ಅಲ್ಟ್ರಾಸೌಂಡ್. ಮನುಷ್ಯನ ಕಿವಿ ಕೇಳಲಾರದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳನ್ನು ಒಳಗೆ ಕಳುಹಿಸಿ, ಅವು ಒಂದೊಂದು ಅಂಗಾಂಶದಿಂದ ಹಿಂದಿರುಗುವ ಪ್ರತಿಧ್ವನಿಯನ್ನು ಯಂತ್ರವು ಚಿತ್ರವಾಗಿ ಮಾರ್ಪಡಿಸುತ್ತದೆ. ಮೇಲುಕೋಟೆಯ ಬೆಟ್ಟದ ಬಂಡೆಗೆ ಕೂಗಿದರೆ ಮರುದನಿ ಬರುವಂತೆ, ಬಯಲಿಗೆ ಕೂಗಿದರೆ ಬಾರದಂತೆ ಎನ್ನಬಹುದು. ಇದರಲ್ಲಿ ವಿಕಿರಣವಿಲ್ಲ, ಸೂಜಿಯಿಲ್ಲ, ಮಗುವನ್ನು ಮತ್ತಿನಲ್ಲಿಡಬೇಕಾಗಿಲ್ಲ. ತಾಯಿಯ ತೊಡೆಯ ಮೇಲೆಯೇ ಮಲಗಿಸಿ ನೋಡಬಹುದು. ಹಾಲು ಕುಡಿಯುವ ಕೂಸಾದರೆ ಎರಡು ಮೂರು ಗಂಟೆ, ದೊಡ್ಡ ಮಗುವಾದರೆ ನಾಲ್ಕು ಗಂಟೆ ಹೊಟ್ಟೆ ಖಾಲಿಯಿದ್ದರೆ ಚಿತ್ರ ಸ್ಪಷ್ಟ.

ಅರ್ಧ ಗಂಟೆಯೊಳಗೆ ಈ ಪರೀಕ್ಷೆ ಅನೇಕ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಗಡ್ಡೆ ಯಕೃತ್ತಿನದೇ, ಅಥವಾ ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಯೇ, ಅದರ ಮೇಲಿನ ಗ್ರಂಥಿಯಿಂದ ಹುಟ್ಟಿದ ನ್ಯೂರೋಬ್ಲಾಸ್ಟೋಮಾ ಎಂಬುದೇ? ಘನವೇ, ನೀರುಗುಳ್ಳೆಯೇ? ಒಂದೇ, ಹಲವೇ? ಡಾಪ್ಲರ್ ಎಂಬ ಅದರದೇ ಇನ್ನೊಂದು ವಿಧಾನದಿಂದ ಗಡ್ಡೆಯೊಳಗೆ ರಕ್ತ ಹೇಗೆ ಹರಿಯುತ್ತಿದೆ, ಯಕೃತ್ತಿಗೆ ರಕ್ತ ತರುವ ದೊಡ್ಡ ಸಿರೆಯೊಳಗೆ ಗಡ್ಡೆ ನುಗ್ಗಿದೆಯೇ ಎಂಬುದೂ ತಿಳಿಯುತ್ತದೆ. ಮಗುವಿಗೆ ಜ್ವರವಿದ್ದು, ಒತ್ತಿದರೆ ನೋವಿದ್ದು, ಒಳಗೆ ಕೀವು ತುಂಬಿದ ಕುಳಿ ಕಂಡರೆ ಅದು ಯಕೃತ್ತಿನ ಬಾವು. ಅದು ಗಡ್ಡೆಯಲ್ಲ, ಅದರ ಚಿಕಿತ್ಸೆಯ ದಾರಿಯೇ ಬೇರೆ.

ಚಿತ್ರವನ್ನು ಓದುವ ತಜ್ಞರು ಮೊದಲು ಕೇಳುವ ಪ್ರಶ್ನೆ ಮಗುವಿನ ವಯಸ್ಸೆಷ್ಟು ಎಂಬುದು. ಹುಟ್ಟಿದ ಮೊದಲ ಆರು ತಿಂಗಳಲ್ಲಿ ಕಾಣುವ ಗಡ್ಡೆಗಳಲ್ಲಿ ರಕ್ತನಾಳಗಳ ಹೆಮಾಂಜಿಯೋಮಾ ಮುಖ್ಯ. ಇದು ಕ್ಯಾನ್ಸರ್ ಅಲ್ಲ. ಬಣ್ಣದ ದ್ರವ ಕೊಟ್ಟು ಚಿತ್ರ ತೆಗೆದಾಗ ಅದು ಅಂಚಿನಿಂದ ಒಳಮುಖವಾಗಿ ತುಂಬುತ್ತಾ ಹೋಗುವುದು ಅದರ ಗುರುತು. ಬಹಳಷ್ಟು ತಾವಾಗಿಯೇ ಕುಗ್ಗುತ್ತವೆ. ದೊಡ್ಡದಾಗಿದ್ದರೆ ಹೃದಯಕ್ಕೆ ಭಾರವಾಗಬಹುದು, ಥೈರಾಯ್ಡ್ ರಸವನ್ನು ಕುಗ್ಗಿಸಬಹುದು. ಹೃದ್ರೋಗಕ್ಕೆ ಕೊಡುವ ಪ್ರೊಪ್ರನೊಲಾಲ್ ಔಷಧಕ್ಕೆ ಇಂತಹ ಗಡ್ಡೆಗಳು ಕುಗ್ಗುತ್ತವೆಂಬುದು 2008ರಲ್ಲಿ ಫ್ರಾನ್ಸಿನ ವೈದ್ಯರಿಗೆ ಅಕಸ್ಮಾತ್ತಾಗಿ ತಿಳಿದುಬಂತು. ಎರಡು ವರ್ಷದೊಳಗೆ ಜೇನುಗೂಡಿನಂತೆ ನೀರುಗುಳ್ಳೆಗಳಿರುವ ಹಾಮರ್ಟೋಮಾ ಎಂಬುದೊಂದು ಕಾಣಬಹುದು, ಅದೂ ಸೌಮ್ಯವೇ. ಆದರೆ ಮೂರು ವರ್ಷದೊಳಗಿನ ಮಗುವಿನಲ್ಲಿ ಒಂದೇ ಘನವಾದ ದೊಡ್ಡ ಗಡ್ಡೆ ಕಂಡರೆ ಮೊದಲು ಯೋಚಿಸಬೇಕಾದದ್ದು ಹೆಪಟೋಬ್ಲಾಸ್ಟೋಮಾ. ಮಕ್ಕಳ ಯಕೃತ್ತಿನ ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಇದೇ. ಹತ್ತು ಹನ್ನೆರಡು ದಾಟಿದ ಮಕ್ಕಳಲ್ಲಿ ದೊಡ್ಡವರಿಗೆ ಬರುವ ಬಗೆಯ ಯಕೃತ್ ಕ್ಯಾನ್ಸರ್ ಬರಬಹುದು. ಅದಕ್ಕೆ ಅನೇಕ ಕಡೆ ಹೆಪಟೈಟಿಸ್ ಬಿ ಸೋಂಕು ಮೂಲ. ತೈವಾನ್ ದೇಶದಲ್ಲಿ 1984ರಲ್ಲಿ ಹಸುಗೂಸುಗಳಿಗೆ ಈ ಸೋಂಕಿನ ಲಸಿಕೆಯನ್ನು ಆರಂಭಿಸಿದ ಮೇಲೆ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಇಳಿಯಿತು. ಹೆರಿಗೆಯಾದ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವ ಆ ಲಸಿಕೆಯನ್ನು ‘ಹಸಿಕೂಸಿಗೆ ಸೂಜಿ ಬೇಡ’ ಎಂದು ತಡೆಯುವ ಹಿರಿಯರು ಇದನ್ನು ಗಮನಿಸಬೇಕು.

ಈ ಯಂತ್ರದ ಬಗೆಗೆ ನಮ್ಮ ಜಿಲ್ಲೆಯಲ್ಲಿ ಮಾತನಾಡುವಾಗ ನಾಚಿಕೆಯಿಂದ ತಲೆತಗ್ಗಿಸಬೇಕಾದ ಸಂಗತಿಯೊಂದಿದೆ. 2023ರ ಕೊನೆಯಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಇದೇ ಅಲ್ಟ್ರಾಸೌಂಡ್ ಯಂತ್ರವಿಟ್ಟು ಗರ್ಭದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಿಗೆ ಬಂತು. ಬೆಲ್ಲ ಬೇಯುವ ಮನೆಯಲ್ಲಿ ಹೆಣ್ಣುಕೂಸುಗಳ ಲೆಕ್ಕ ಹಾಕಿದರು. ಇಂತಹ ದುರುಪಯೋಗ ತಡೆಯಲೆಂದೇ 1994ರ ಕಾಯ್ದೆ ಈ ಯಂತ್ರಗಳಿಗೆ ನೋಂದಣಿಯನ್ನು ಕಡ್ಡಾಯ ಮಾಡಿದೆ. ಜಾತ್ರೆಯ ಆರೋಗ್ಯ ಶಿಬಿರದಲ್ಲಿ ಸ್ಕ್ಯಾನ್ ಯಂತ್ರ ಏಕೆ ತರಿಸುವುದಿಲ್ಲವೆಂದು ಭಕ್ತರು ಕೇಳುವುದುಂಟು. ನೋಂದಣಿಯಿಲ್ಲದ ಜಾಗಕ್ಕೆ ಅದನ್ನು ಹೊತ್ತು ತರುವಂತಿಲ್ಲ, ಹಾಗಿರುವುದೇ ಸರಿ. ಮಗುವಿನ ಹೊಟ್ಟೆಯ ಸ್ಕ್ಯಾನಿಗೆ ನೋಂದಾಯಿತ ಕೇಂದ್ರಗಳಲ್ಲಿ ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳ ದಾಖಲೆಗಳನ್ನು ನೋಡಿದವರು, ಚಿಕಿತ್ಸೆಗೆ ಬರುವ ಮಕ್ಕಳಲ್ಲಿ ಗಂಡುಮಕ್ಕಳೇ ಹೆಚ್ಚೆಂದೂ, ಹೆಣ್ಣುಮಕ್ಕಳು ಕಡಿಮೆ ಬರುವುದಕ್ಕೆ ರೋಗವೊಂದೇ ಕಾರಣವಲ್ಲವೆಂದೂ ಬರೆದಿದ್ದಾರೆ. ಸ್ತ್ರೀಗೆ ಸಮಾನ ಸ್ಥಾನ ಕೊಟ್ಟ ಶರಣರ ಪರಂಪರೆಯ ಮನೆಗಳಲ್ಲಿ ‘ಹೆಣ್ಣುಮಗು, ನೋಡೋಣ ಬಿಡಿ’ ಎಂಬ ಮಾತು ಕೇಳಬಾರದು. ಕೇಳಿದ್ದೇವೆ, ಆದ್ದರಿಂದ ಬರೆಯುತ್ತಿದ್ದೇವೆ.

ಅಲ್ಟ್ರಾಸೌಂಡಿನಲ್ಲಿ ಘನವಾದ ಗಡ್ಡೆ ಕಂಡ ಮೇಲೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗುತ್ತದೆ. ಸಿ.ಟಿ. ಎಕ್ಸ್‌ರೇಯನ್ನೇ ಸುತ್ತಲೂ ಹಾಯಿಸಿ ದೇಹವನ್ನು ಹೋಳುಹೋಳಾಗಿ ತೋರಿಸುವ ಯಂತ್ರ. ಕ್ಷಣಗಳಲ್ಲಿ ಮುಗಿಯುತ್ತದೆ. ಗಡ್ಡೆ ಶ್ವಾಸಕೋಶಕ್ಕೆ ಹಬ್ಬಿದೆಯೇ ಎಂದು ನೋಡಲು ಎದೆಯ ಸಿ.ಟಿ.ಗೆ ಸಮನಾದದ್ದಿಲ್ಲ. ಆದರೆ ಬೆಳೆಯುವ ಮಗುವಿಗೆ ವಿಕಿರಣ ದೊಡ್ಡವರಿಗಿಂತ ಹೆಚ್ಚು ತಾಗುತ್ತದೆ. ಆದ್ದರಿಂದ ಬೇಕಾದಷ್ಟು ಮಾತ್ರ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಮಾತ್ರ ಮಾಡಬೇಕು. ಒಂದು ಊರಿನಲ್ಲಿ ಮಾಡಿಸಿದ ಸಿ.ಟಿ.ಯನ್ನು ಮನೆಯಲ್ಲಿಟ್ಟು ಬಂದು ಇನ್ನೊಂದು ಊರಿನಲ್ಲಿ ಮತ್ತೆ ಮಾಡಿಸುವುದು ಹಣಕ್ಕೂ ನಷ್ಟ, ಮಗುವಿಗೂ ನಷ್ಟ. ಎಂ.ಆರ್.ಐ. ಕಾಂತಶಕ್ತಿಯಿಂದ ನಡೆಯುತ್ತದೆ, ವಿಕಿರಣವಿಲ್ಲ. ಯಕೃತ್ತಿನ ಜೀವಕೋಶಗಳೇ ಹೀರಿಕೊಳ್ಳುವ ವಿಶೇಷ ದ್ರವವನ್ನು ಕೊಟ್ಟು ತೆಗೆದರೆ, ಸಿ.ಟಿ.ಯಲ್ಲಿ ಕಾಣದ ಸಣ್ಣ ಗಂಟುಗಳೂ ಕಾಣಬಹುದು. ಆದರೆ ಅರ್ಧ ಮುಕ್ಕಾಲು ಗಂಟೆ ಮಗು ಅಲುಗಾಡದೆ ಇರಬೇಕು. ಎಳೆಯ ಮಗುವಿಗೆ ಅದು ಅಸಾಧ್ಯವಾದ್ದರಿಂದ ಅರಿವಳಿಕೆ ತಜ್ಞರ ಸಮ್ಮುಖದಲ್ಲಿ ಮತ್ತು ಕೊಡುತ್ತಾರೆ. ‘ಮತ್ತು ಕೊಟ್ಟರೆ ಬುದ್ಧಿ ಮಂದವಾಗುತ್ತದೆ’ ಎಂದು ಹೆದರಿ ಆಸ್ಪತ್ರೆಯಿಂದಲೇ ಎದ್ದು ಬಂದವರನ್ನು ಬಲ್ಲೆವು. ಒಂದು ಸಲದ ಈ ಅಲ್ಪಕಾಲದ ಮತ್ತಿಗೆ ಹಾಗೆ ಹೆದರಬೇಕಾಗಿಲ್ಲ.

ಇಷ್ಟೆಲ್ಲ ಚಿತ್ರಗಳೇಕೆ, ಗಡ್ಡೆಯಿದೆಯೆಂದು ತಿಳಿದ ಮೇಲೆ ಕತ್ತರಿಸಿ ತೆಗೆದರಾಗದೇ ಎಂದು ಕೇಳುವವರಿದ್ದಾರೆ. ನಮ್ಮ ರೈತಬಂಧುಗಳಿಗೆ ಇದು ಜಮೀನಿನ ಹೋಲಿಕೆಯಿಂದ ಬೇಗ ತಿಳಿಯುತ್ತದೆ. ಯಕೃತ್ತನ್ನು ನಾಲ್ವರು ಅಣ್ಣತಮ್ಮಂದಿರ ನಾಲ್ಕು ಪಾಲಿನ ಹೊಲವೆಂದು ತಿಳಿಯಿರಿ. ಪಾಲುಗಳ ನಡುವೆ ರಕ್ತನಾಳಗಳು ನಾಲೆಗಳಂತೆ ಹರಿಯುತ್ತವೆ. ಗಡ್ಡೆ ಎಷ್ಟು ದೊಡ್ಡದು ಎಂಬುದಕ್ಕಿಂತ, ಒಂದಕ್ಕೊಂದು ತಾಗಿದ ಎಷ್ಟು ಪಾಲುಗಳು ಗಡ್ಡೆಯಿಲ್ಲದೆ ಶುದ್ಧವಾಗಿ ಉಳಿದಿವೆ ಎಂಬುದು ಮುಖ್ಯ. ಮೂರು ಪಾಲು ಶುದ್ಧವಾಗಿದ್ದರೆ ಒಂದನೆಯ ಹಂತ. ಎರಡಾದರೆ ಎರಡನೆಯದು, ಒಂದಾದರೆ ಮೂರನೆಯದು. ನಾಲ್ಕರಲ್ಲಿಯೂ ಗಡ್ಡೆಯಿದ್ದರೆ ನಾಲ್ಕನೆಯ ಹಂತ. ಯುರೋಪಿನ ಮಕ್ಕಳ ಯಕೃತ್ ಗಡ್ಡೆಯ ತಜ್ಞರು ರೂಪಿಸಿದ ಈ ಕ್ರಮಕ್ಕೆ ಪ್ರೀಟೆಕ್ಸ್ಟ್ ಎಂದು ಹೆಸರು. 2005ರಲ್ಲಿ, ಮತ್ತೆ 2017ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಇದರೊಡನೆ ನಾಲೆಗಳ ಸ್ಥಿತಿಯನ್ನೂ ಬರೆಯುತ್ತಾರೆ. ದೊಡ್ಡ ನಾಲೆಗೆ ಗಡ್ಡೆ ನುಗ್ಗಿದ್ದರೆ ಪಾಲು ಶುದ್ಧವಿದ್ದರೂ ಕತ್ತರಿಸುವುದು ಕಷ್ಟ. ಹದ್ದುಬಸ್ತು ಮಾಡದೆ ಹೊಲ ಹಂಚಲು ಹೋದವರ ಗತಿಯೇ ಚಿತ್ರವಿಲ್ಲದೆ ಕತ್ತಿ ಹಿಡಿದವರ ಗತಿ. ಎರಡು ಮೂರು ಸುತ್ತು ಔಷಧಿ ಕೊಟ್ಟ ಮೇಲೆ ಇದೇ ಅಳತೆಯನ್ನು ಮತ್ತೊಮ್ಮೆ ಮಾಡುತ್ತಾರೆ. ಮೂರನೆಯ ಹಂತದಲ್ಲಿದ್ದ ಗಡ್ಡೆ ಆಗ ಎರಡಕ್ಕೆ ಇಳಿದಿರಬಹುದು.

ಚಿತ್ರಣದ ಜೊತೆಗೆ ಆಲ್ಫಾ ಫೀಟೋಪ್ರೋಟೀನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಹೆಪಟೋಬ್ಲಾಸ್ಟೋಮಾ ಇರುವ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತರಲ್ಲಿ ಇದು ಏರಿರುತ್ತದೆ, ಕೆಲವೊಮ್ಮೆ ಲಕ್ಷದ ಲೆಕ್ಕದಲ್ಲಿ. ಆದರೆ ಹುಟ್ಟಿದ ಕೂಸಿನಲ್ಲಿ ಇದು ಸಹಜವಾಗಿಯೇ ಬಹಳ ಹೆಚ್ಚಿದ್ದು, ಸುಮಾರು ಒಂದು ವರ್ಷದ ವೇಳೆಗೆ ದೊಡ್ಡವರ ಮಟ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಮೂರು ತಿಂಗಳ ಕೂಸಿನ ಅಂಕಿಯನ್ನು ದೊಡ್ಡವರ ಅಂಕಿಯೊಡನೆ ಹೋಲಿಸಿ ಹೌಹಾರಬಾರದು. ಕೊನೆಯ ನಿರ್ಣಯಕ್ಕೆ ಸಾಮಾನ್ಯವಾಗಿ ಗಡ್ಡೆಯ ಸಣ್ಣ ಚೂರನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ಹಾಕಿದರೆ ರೋಗ ಮೈಯೆಲ್ಲ ಹರಡುತ್ತದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಲವಾಗಿ ಬೇರೂರಿದೆ. ಸ್ಕ್ಯಾನ್ ನೋಡಿಕೊಂಡೇ, ಆರೋಗ್ಯವಂತ ಯಕೃತ್ತಿನ ಮೂಲಕ ಸೂಜಿಯನ್ನು ಹಾಯಿಸಿ ತಜ್ಞರು ತೆಗೆಯುವ ಪರೀಕ್ಷೆಯಲ್ಲಿ ಆ ಅಪಾಯ ಅತ್ಯಲ್ಪ. ಯಾವ ಬಗೆಯ ಗಡ್ಡೆಯೆಂದು ತಿಳಿಯದೆ ಔಷಧಿ ಕೊಡುವುದೇ ಹೆಚ್ಚಿನ ಅಪಾಯ.

ಚಿಕಿತ್ಸೆಯ ವಿಷಯ ತಜ್ಞರದು, ನಾವು ಸಂಕ್ಷೇಪವಾಗಿ ಹೇಳುತ್ತೇವೆ. ಸಿಸ್‌ಪ್ಲಾಟಿನ್ ಎಂಬ ಔಷಧಿಯಿಂದ ಗಡ್ಡೆ ಕುಗ್ಗಿಸಿ, ಬಳಿಕ ಶಸ್ತ್ರಚಿಕಿತ್ಸೆ. ಯಕೃತ್ತಿನ ಮುಕ್ಕಾಲು ಭಾಗವನ್ನು ತೆಗೆದರೂ ಉಳಿದ ಆರೋಗ್ಯವಂತ ಭಾಗ ಮತ್ತೆ ಬೆಳೆಯಬಲ್ಲದು. ಕತ್ತರಿಸಲಾಗದ ಗಡ್ಡೆಗೆ ಯಕೃತ್ತಿನ ಕಸಿ, ಅದಕ್ಕೆ ತಾಯಿಯೋ ತಂದೆಯೋ ತಮ್ಮ ಯಕೃತ್ತಿನ ಒಂದು ಪಾಲು ಕೊಡಬಹುದು. ಹಬ್ಬುವ ಮುನ್ನ, ಕತ್ತರಿಸಬಹುದಾದ ಹಂತದಲ್ಲಿ ಪತ್ತೆಯಾದ ಹೆಪಟೋಬ್ಲಾಸ್ಟೋಮಾದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮೂರು ವರ್ಷಗಳ ಬಳಿಕವೂ ಬದುಕಿದ್ದುದನ್ನು 2009ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿದೆ. ಸಿಸ್‌ಪ್ಲಾಟಿನ್ ಕಿವಿಯ ಶಕ್ತಿಯನ್ನು ಕುಗ್ಗಿಸಬಹುದು. ಆದ್ದರಿಂದ ನಡುನಡುವೆ ಶ್ರವಣ ಪರೀಕ್ಷೆ ಮಾಡಿಸುವುದನ್ನು ಮರೆಯಬಾರದು.

ನಮ್ಮದೇ ಪದ್ಧತಿಯವರಿಗೂ ಒಂದು ಮಾತು. ಈ ಚಿಕಿತ್ಸೆ ನಡೆಯುವಾಗ ಶಕ್ತಿಗೆಂದು ಭಸ್ಮವನ್ನೋ, ‘ಲಿವರಿಗೆ ಒಳ್ಳೆಯದು’ ಎಂದು ನೆಲನೆಲ್ಲಿಯನ್ನೋ ಗುಟ್ಟಾಗಿ ಕೊಡಬೇಡಿ. ಮೂತ್ರಪಿಂಡ ಈಗಾಗಲೇ ಔಷಧಿಯ ಭಾರ ಹೊತ್ತಿರುತ್ತದೆ. ಏನೇ ಕೊಡುವುದಿದ್ದರೂ ಚಿಕಿತ್ಸೆ ಮಾಡುವ ವೈದ್ಯರಿಗೆ ತಿಳಿಸಿಯೇ ಕೊಡಬೇಕು. ಆಯುರ್ವೇದಕ್ಕೆ ಇದರಿಂದ ಅವಮಾನವಾಗುವುದಿಲ್ಲ. ಹಸಿವು ಮರಳಿದ ಮೇಲೆ ಪಥ್ಯ, ಗಂಜಿ, ಹೆಸರುಬೇಳೆಯ ಕಟ್ಟು, ಮಲಬದ್ಧತೆಯಾಗದಂತಹ ಆಹಾರ, ಇವುಗಳಲ್ಲಿ ನಮಗೆ ಮಾಡಲು ಬೇಕಾದಷ್ಟು ಕೆಲಸವಿದೆ.

ಇನ್ನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು ಹತ್ತಿರ, ಅಲ್ಲಿ ಚೆಲುವಾಂಬ ಆಸ್ಪತ್ರೆಯಿದೆ. ನಾಗಮಂಗಲದವರಿಗೆ ತಮ್ಮ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೇ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇದೆ. ಜಿಲ್ಲಾ ಕೇಂದ್ರದಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಕೃಷ್ಣರಾಜಪೇಟೆಯವರಿಗೆ ಎಲ್ಲವೂ ದೂರ, ಅದಕ್ಕೇ ಅಲ್ಲಿನ ಮಕ್ಕಳು ತಡವಾಗಿ ಬರುತ್ತಾರೆಂಬುದು ನಮ್ಮ ಅನುಭವ. ಮೊದಲ ಸ್ಕ್ಯಾನಿನಲ್ಲಿ ಗಡ್ಡೆ ಕಂಡರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳಂತಹ ಕಡೆ, ಮಕ್ಕಳ ಕ್ಯಾನ್ಸರ್ ತಜ್ಞರೂ ಶಸ್ತ್ರಚಿಕಿತ್ಸಕರೂ ಒಟ್ಟಿಗೆ ಇರುವಲ್ಲಿಗೆ ಹೋಗಬೇಕಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಪಡಿತರ ಚೀಟಿ, ಮಗುವಿನ ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಸಿದ್ಧವಿರಲಿ. ಅಂಗನವಾಡಿಗೆ ವರ್ಷಕ್ಕೆರಡು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. ಆ ದಿನ ಮಗುವನ್ನು ಕಳುಹಿಸಿ, ಹೊಟ್ಟೆ ಮುಟ್ಟಿ ನೋಡಿರೆಂದು ಕೇಳಿ.

ಕೆಲವು ಮಕ್ಕಳ ಮೇಲೆ ಹೆಚ್ಚು ಕಣ್ಣಿಡಬೇಕು. ತಿಂಗಳು ತುಂಬುವ ಬಹಳ ಮುನ್ನವೇ ಒಂದೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿ ಬದುಕಿದ ಮಕ್ಕಳಲ್ಲಿ ಈ ಗಡ್ಡೆಯ ಸಂಭವ ಉಳಿದವರಿಗಿಂತ ಹೆಚ್ಚು. ಹುಟ್ಟಿನಿಂದಲೇ ನಾಲಿಗೆ ದೊಡ್ಡದಾಗಿದ್ದು, ದೇಹದ ಒಂದು ಬದಿ ಇನ್ನೊಂದಕ್ಕಿಂತ ದಪ್ಪವಾಗಿದ್ದರೆ ಅದು ಬೆಕ್‌ವಿತ್ ವೀಡೆಮಾನ್ ಎಂಬ ಜನ್ಮಜಾತ ಸ್ಥಿತಿಯಿರಬಹುದು. ಅಂತಹ ಮಕ್ಕಳಿಗೆ ಮೊದಲ ಕೆಲವು ವರ್ಷ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುವುದು ಕ್ರಮ. ಉಳಿದ ಮಕ್ಕಳಿಗೆ ಸುಮ್ಮನೆ ಸ್ಕ್ಯಾನ್ ಮಾಡಿಸಬೇಕಾಗಿಲ್ಲ. ನೀರೆರೆಯುವ ಕೈ ಸಾಕು.

ಮೊದಲು ಹೇಳಿದ ಮೊಮ್ಮಗಳ ವಿಷಯಕ್ಕೆ ಬರೋಣ. ಅಜ್ಜಿ ಗೊಣಗುತ್ತಲೇ ಮರುದಿನ ಮೈಸೂರಿಗೆ ಹೋದರು. ಸ್ಕ್ಯಾನಿನಲ್ಲಿ ಯಕೃತ್ತಿನ ಬಲಭಾಗದ ಗಡ್ಡೆ ಕಂಡಿತು. ವಾರದೊಳಗೆ ಬೆಂಗಳೂರು ಸೇರಿದರು. ಎರಡು ಪಾಲು ಶುದ್ಧವಾಗಿದ್ದವು, ಶ್ವಾಸಕೋಶ ತಿಳಿಯಾಗಿತ್ತು. ಔಷಧಿ, ಶಸ್ತ್ರಚಿಕಿತ್ಸೆ, ಮತ್ತೆ ಔಷಧಿ ಎಂದು ಏಳು ತಿಂಗಳು ಕಳೆದವು. ಅಷ್ಟರಲ್ಲಿ ಆ ಮನೆಯವರು ಒಂದು ಜೋಡಿ ಎತ್ತು ಮಾರಿದರು. ಮಗುವಿನ ಕೂದಲೆಲ್ಲ ಉದುರಿ ಮತ್ತೆ ಗುಂಗುರಾಗಿ ಬಂತು. ಈಗ ಆಕೆ ಊರಿನ ಶಾಲೆಗೆ ಹೋಗುತ್ತಾಳೆ. ಸ್ಕ್ಯಾನುಗಳ ಫಿಲಂಗಳನ್ನೂ ಸಿ.ಡಿ.ಗಳನ್ನೂ ಅಜ್ಜಿ ಒಂದು ಬಟ್ಟೆಯ ಚೀಲದಲ್ಲಿ ತಾರೀಖಿನ ಕ್ರಮದಲ್ಲಿ ಜೋಡಿಸಿಟ್ಟಿದ್ದಾರೆ. ಅಕ್ಷರ ಬಾರದು. ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು ಗಂಟು ಎಂದು ದಾರ ಕಟ್ಟಿದ್ದಾರೆ. ಮುಂದಿನ ಸ್ಕ್ಯಾನು ಬರುವ ಕಾರ್ತಿಕದಲ್ಲಿ.